ಹುಡುಕುವವನ ಋಣ

ಪರದೆಯ ಮೇಲೆ ಓಡಾಡುವ ಒಂದು ಮೊಲವನ್ನು ಮುಂದಿಟ್ಟುಕೊಂಡು ಧರ್ಮಾಧರ್ಮ ವಿಚಾರ ಮಾಡಹೊರಟವನನ್ನು ಕಂಡು ವಾಚಕರು ನಗಬಹುದು. ನಗಲಿ, ಬಾಧಕವಿಲ್ಲ. ದೊಡ್ಡ ಪ್ರಶ್ನೆಗಳೆಲ್ಲ ಹೆಬ್ಬಾಗಿಲಿನಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಮನೆಗೆ ಈ ಪ್ರಶ್ನೆ ಬಂದದ್ದು ಎಂಟು ವರ್ಷದ ಮೊಮ್ಮಗನ ಬಾಯಿಂದ. ಬೇಸಗೆಯ ರಜದಲ್ಲಿ, ಒಂದು ವಿಡಿಯೋ ಗೇಮಿನ ನೆಪದಿಂದ.

ಹುಡುಗನು ಆಡುತ್ತಿದ್ದ ಆಟಕ್ಕೆ ‘ಸೂಪರ್ ಮಾರಿಯೋ ಗ್ಯಾಲಕ್ಸಿ’ ಎಂದು ಹೆಸರು. ಜಪಾನಿನ ನಿಂಟೆಂಡೊ ಸಂಸ್ಥೆಯವರು ಅದನ್ನು 2007ರಲ್ಲಿ ಹೊರತಂದರು. ಅದರ ನಿರ್ದೇಶಕರು ಯೋಶಿಯಾಕಿ ಕೊಯಿಜುಮಿ ಎಂಬವರು. 2020ರಲ್ಲಿ ಅದು ಬೇರೊಂದು ಯಂತ್ರಕ್ಕೆ ಒಗ್ಗುವಂತೆ ಮತ್ತೆ ಪ್ರಕಟವಾಯಿತು. ಈ ಜಾತಿಯ ಆಟಗಳನ್ನು ‘ಪ್ಲಾಟ್‌ಫಾರ್ಮ್’ ಆಟಗಳೆನ್ನುವರು. ಜಗಲಿಯಿಂದ ಜಗಲಿಗೆ ನೆಗೆಯುತ್ತ, ಹಳ್ಳಗಳನ್ನು ದಾಟುತ್ತ, ಕಥಾನಾಯಕನನ್ನು ಗುರಿ ಮುಟ್ಟಿಸುವುದು ಆಡುವವನ ಕೆಲಸ. ಇಲ್ಲಿಯ ನಾಯಕ ಮಾರಿಯೋ. ನೂರು ವರ್ಷಕ್ಕೊಮ್ಮೆ ನಡೆಯುವ ನಕ್ಷತ್ರೋತ್ಸವದ ರಾತ್ರಿ ರಾಜಕುಮಾರಿಯನ್ನು ಅವಳ ಅರಮನೆಯ ಸಮೇತ ಶತ್ರುವು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಾನೆ. ಬೆನ್ನಟ್ಟಿದ ಮಾರಿಯೋ ಮಂತ್ರದ ಏಟಿನಿಂದ ಕೆಳಗೆ ಬಿದ್ದು, ಒಂದು ಪುಟ್ಟ ಗ್ರಹದ ಹಸುರಿನ ಮೇಲೆ ಕಣ್ಣು ತೆರೆಯುತ್ತಾನೆ.

ಅಲ್ಲಿ ಅವನನ್ನು ಎದುರುಗೊಳ್ಳುವವು ಮೂರು ಮೊಲಗಳು. ನಾಯಕನಿಗೆ ಎಲ್ಲಿಲ್ಲದ ಅವಸರ. ಈ ಮೊಲಗಳಿಗೋ ಆಟದ ಹುಚ್ಚು. ಕಣ್ಣಾಮುಚ್ಚಾಲೆ ಆಡೋಣ, ನಮ್ಮನ್ನು ಹುಡುಕಿ ಹಿಡಿ ಎಂದು ಪಣ ಒಡ್ಡಿ ಅವು ಮರೆಯಾಗುತ್ತವೆ. ಗ್ರಹವು ಚೆಂಡಿನಂತೆ ಗುಂಡಗೆ ಇದೆ; ನಾಲ್ಕು ಹೆಜ್ಜೆ ಓಡಿದರೆ ಅದರ ಬೆನ್ನಿಗೆ ಹೋಗಬಹುದು. ಅಂಥ ನೆಲದಲ್ಲಿ ಅಡಗುವುದಕ್ಕೆ ಗೋಡೆಯೇ ಬೇಡ. ನೆಲದ ಬಾಗೇ ಒಬ್ಬರನ್ನು ಇನ್ನೊಬ್ಬರಿಂದ ಮರೆಮಾಡುತ್ತದೆ. ಮೂರನ್ನೂ ಹಿಡಿದ ಮೇಲೆ ಅವು ಮೊಲಗಳಲ್ಲ, ಆ ವೇಷ ತೊಟ್ಟ ನಕ್ಷತ್ರಶಿಶುಗಳು ಎಂದು ತಿಳಿಯುತ್ತದೆ. ಆಮೇಲೆ ಅವುಗಳನ್ನು ಸಲಹುವ ರೋಸಲೀನಾ ಎಂಬ ತರುಣಿಯ ದರ್ಶನವಾಗಿ ಕಥೆ ಮುಂದೆ ಸಾಗುತ್ತದೆ. ಇಡೀ ಆಟದಲ್ಲಿ ಈ ಪ್ರಸಂಗ ಕೆಲವೇ ನಿಮಿಷಗಳದು. ಮೊಲಗಳು ಉಪಪಾತ್ರಗಳು ಮಾತ್ರ.

ಎರಡು ಮೊಲಗಳನ್ನು ಹಿಡಿದಿದ್ದ ಹೊತ್ತಿಗೆ ಒಳಗಿನಿಂದ ಊಟಕ್ಕೆ ಕರೆ ಬಂದಿತು. ಹುಡುಗನು ಯಂತ್ರವನ್ನು ಆರಿಸಲು ಕೈಯೆತ್ತಿದವನು ಹಾಗೆಯೇ ತಡೆದು, “ತಾತ, ನಾನೀಗ ಆರಿಸಿಬಿಟ್ಟರೆ ಆ ಮೂರನೇ ಮೊಲ ಅಲ್ಲೇ ಅವಿತುಕೊಂಡು ಕಾಯ್ತಾ ಇರುತ್ತಾ?” ಎಂದು ಕೇಳಿದನು.

“ಅದು ಬರಿಯ ಚಿತ್ರ ಕಣೋ, ಅದಕ್ಕೇನು ಗೊತ್ತಾಗುತ್ತೆ? ಊಟಕ್ಕೆ ಏಳು,” ಎಂದೆನು. ಅವನು ಎದ್ದನು, ಆದರೆ ಸಮಾಧಾನಗೊಂಡಂತೆ ಕಾಣಲಿಲ್ಲ. ರಾತ್ರಿ ಮಲಗಿದ ಮೇಲೆ ನನಗೂ ನನ್ನ ಉತ್ತರ ಸಾಲದೆಂದು ತೋರಿತು. ಅದು ತಪ್ಪಲ್ಲ, ಆದರೆ ಅರ್ಧ. ಉಳಿದ ಅರ್ಧವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಮೊದಲು ಮೊಲದ ನಿಜಸ್ಥಿತಿಯನ್ನು ವಿಚಾರಿಸೋಣ. ಮಾರಿಯೋವಿನ ಆಟಗಳಲ್ಲಿ ಇದಕ್ಕೆ ಒಬ್ಬ ಹಿರಿಯಣ್ಣನಿದ್ದಾನೆ. 1996ರಲ್ಲಿ ಬಂದ ‘ಸೂಪರ್ ಮಾರಿಯೋ 64’ ಎಂಬ ಆಟದಲ್ಲಿ, ಅರಮನೆಯ ನೆಲಮಾಳಿಗೆಯಲ್ಲಿ ಮಿಪ್ಸ್ ಎಂಬ ಹಳದಿ ಬಣ್ಣದ ಮೊಲವೊಂದಿದೆ. ಆ ಯಂತ್ರದ ಗಣಕಭಾಗ ಯಾವ ವರ್ಗದ್ದೋ ಆ ವರ್ಗದ ಹೆಸರನ್ನೇ ಅದಕ್ಕೆ ಇಟ್ಟರು. ಆಡುವವನು ಹದಿನೈದು ನಕ್ಷತ್ರಗಳನ್ನು ಸಂಪಾದಿಸಿದ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಹಿಡಿದರೆ ಒಂದು ನಕ್ಷತ್ರ ಕೊಡುತ್ತದೆ. ಐವತ್ತಾದ ಮೇಲೆ ಮತ್ತೊಮ್ಮೆ ಬರುತ್ತದೆ. ಅಡಗುವುದಕ್ಕಿಂತ ಓಡುವುದೇ ಅದರ ಸ್ವಭಾವವೆನ್ನಿ. ಆ ಆಟವನ್ನು ಕಟ್ಟಿದ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು ಅರಮನೆ, ಬೆಟ್ಟ, ಸಮುದ್ರಗಳನ್ನೆಲ್ಲ ರೂಪಿಸುವ ಮೊದಲು, ಒಂದು ಬರಿಯ ಕೋಣೆಯಲ್ಲಿ ಮಾರಿಯೋವನ್ನೂ ಈ ಮೊಲವನ್ನೂ ಬಿಟ್ಟು, ಬೆನ್ನಟ್ಟಿ ಹಿಡಿಯುವುದರಲ್ಲಿ ಸಂತೋಷವಿದೆಯೇ ಎಂದು ಪರೀಕ್ಷಿಸಿ ನೋಡಿದರು. ಸಂತೋಷವಿದೆ ಎಂದು ತಿಳಿದ ಮೇಲೆ ಲೋಕ ಹುಟ್ಟಿತು. ಹುಡುಕಾಟ ಮೊದಲು, ಸೃಷ್ಟಿ ಆಮೇಲೆ.

ಈ ಮೊಲದೊಳಗೆ ಇರುವುದೇನು? ಯಂತ್ರಕ್ಕೆ ಬರೆದುಕೊಟ್ಟ ಕೆಲವು ಸಾಲುಗಳ ಆಜ್ಞೆ. ಮಾರಿಯೋ ಹತ್ತಿರ ಬಂದರೆ ಓಡು. ಓಡುವಾಗ ಮೊದಲೇ ಗೊತ್ತುಮಾಡಿರುವ ದಾರಿಗಳಲ್ಲಿ ಓಡು. ಸಿಕ್ಕಿಬಿದ್ದರೆ ನಕ್ಷತ್ರ ಕೊಡು. ಇಷ್ಟೇ ಅದರ ಜಾತಕ. ಮಾರಿಯೋ ಆ ಪ್ರದೇಶವನ್ನು ಬಿಟ್ಟು ಬೇರೊಂದು ಲೋಕಕ್ಕೆ ಕಾಲಿಟ್ಟೊಡನೆ, ಯಂತ್ರವು ಹಿಂದಿನ ಪ್ರದೇಶದ ವಸ್ತುಗಳನ್ನೆಲ್ಲ ತನ್ನ ನೆನಪಿನಿಂದ ತೆರವುಮಾಡಿ ಹೊಸದಕ್ಕೆ ಜಾಗ ಮಾಡುತ್ತದೆ. ಆಗ ಮೊಲವು ಕತ್ತಲಲ್ಲಿ ಕಾಯುತ್ತಿರುವುದಿಲ್ಲ, ಮಲಗಿರುವುದೂ ಇಲ್ಲ. ಅದು ಇಲ್ಲವೇ ಇಲ್ಲ. ಹುಡುಕುವವನು ಹಿಂದಿರುಗಿದರೆ ಅದನ್ನು ಮತ್ತೆ ಇಟ್ಟ ಜಾಗದಲ್ಲಿ ಇಡಲಾಗುತ್ತದೆ.

ಆದುದರಿಂದ ಮೊಮ್ಮಗನ ಪ್ರಶ್ನೆಗೆ ಮೊದಲ ಉತ್ತರ ಸ್ಪಷ್ಟವಾಗಿದೆ. ಅದು ಕಾಯುವುದಿಲ್ಲ. ಅದನ್ನು ಹುಡುಕದೆ ಬಿಟ್ಟವನಿಗೆ ಯಾವ ದೋಷವೂ ತಟ್ಟುವುದಿಲ್ಲ. ಆದರೆ ಇಷ್ಟು ಹೇಳಿದೊಡನೆ ಒಂದು ವಿಲಕ್ಷಣ ಸಂಗತಿ ಕಣ್ಣಿಗೆ ಬೀಳುತ್ತದೆ. ಪರದೆಯ ಮೊಲವು ಯಾರಾದರೂ ಹುಡುಕುತ್ತಿರುವಾಗ ಮಾತ್ರ ಇರುತ್ತದೆ. ನಿಜವಾಗಿ ಅಡಗಿ ಕುಳಿತ ಮಗುವಿನ ಸ್ಥಿತಿ ಇದಕ್ಕೆ ತಲೆಕೆಳಗು. ಯಾರೂ ಹುಡುಕದಿರುವ ಹೊತ್ತಿನಲ್ಲಿಯೇ ಆ ಮಗುವಿಗೆ ತಾನು ಇದ್ದೇನೆಂಬ ಅರಿವು ಅತ್ಯಂತ ತೀವ್ರವಾಗಿರುತ್ತದೆ. ಇವೆರಡರ ನಡುವಿನ ಅಂತರವೇ ನಮ್ಮ ಪ್ರಶ್ನೆಯ ಹೃದಯ.

ಅಡಗುವುದೆಂದರೇನು? ಕಳ್ಳನೂ ಅಡಗುತ್ತಾನೆ, ಅಜ್ಞಾತವಾಸದ ಪಾಂಡವರೂ ಅಡಗಿದ್ದರು. ಇವರಿಗೆ ಸಿಕ್ಕಿಬೀಳುವುದು ಅನರ್ಥ. ಆಟದಲ್ಲಿ ಅಡಗುವವನ ಮನಸ್ಸು ಬೇರೆ. ಅವನು ಸಿಗಬಾರದೆಂದೂ ಬಯಸುತ್ತಾನೆ, ಸಿಗಬೇಕೆಂದೂ ಬಯಸುತ್ತಾನೆ. ಬೇಗ ಸಿಕ್ಕರೆ ಅವಮಾನ, ಸಿಗದೆಯೇ ಹೋದರೆ ಅದಕ್ಕಿಂತ ದೊಡ್ಡ ದುಃಖ. ಈ ಆಟ ಬಹಳ ಹಳೆಯದು. ಒಬ್ಬನು ಕಣ್ಣು ಮುಚ್ಚಿ ನಿಲ್ಲುವುದು, ಉಳಿದವರು ಓಡಿ ಅಡಗುವುದು, ಆಮೇಲೆ ಅವನು ಹುಡುಕುವುದು ಎಂದು ಎರಡನೆಯ ಶತಮಾನದ ಪೋಲಕ್ಸ್ ಎಂಬ ಗ್ರೀಕ್ ಪಂಡಿತನು ತನ್ನ ಪದಕೋಶದಲ್ಲಿ ಇದನ್ನು ವರ್ಣಿಸಿದ್ದಾನೆ. ಅಂದಿಗೂ ಇಂದಿಗೂ ನಿಯಮ ಹೆಚ್ಚೇನೂ ಬದಲಾಗಿಲ್ಲ.

ನಿಯಮಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕರಾರು ಸೇರಿಕೊಂಡಿದೆ. ಅಡಗುವವನು, ‘ನಾನು ನಿನ್ನ ಕಣ್ಣಿಗೆ ಬೀಳದಂತೆ ಇರುತ್ತೇನೆ, ಸದ್ದು ಮಾಡುವುದಿಲ್ಲ, ಕರೆಯುವುದಿಲ್ಲ’ ಎಂದು ಒಪ್ಪಿಕೊಳ್ಳುತ್ತಾನೆ. ಅಂದರೆ ತನ್ನನ್ನು ಕಾಪಾಡಿಕೊಳ್ಳುವ ಉಪಾಯಗಳನ್ನೆಲ್ಲ ಅವನು ತಾನಾಗಿಯೇ ಬಿಟ್ಟುಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಹುಡುಕುವವನು, ‘ನಾನು ಬರುತ್ತೇನೆ’ ಎಂದು ಮಾತು ಕೊಡುತ್ತಾನೆ. ಎಣಿಕೆ ಮುಗಿಸಿ ಕೂಗುವ ಕೂಗು ಬೆದರಿಕೆಯಂತೆ ಕೇಳಿಸಿದರೂ ಅದು ಭಾಷೆ. ಆಟದ ಭಾರವೆಲ್ಲ ಅಡಗುವವನ ಜಾಣತನದ ಮೇಲಿದೆಯೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ನಿಂತಿರುವುದು ಹುಡುಕುವವನ ಸತ್ಯದ ಮೇಲೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ವಿದ್ವಾಂಸರು ತಮ್ಮ ಮಕ್ಕಳನ್ನೇ ಗಮನಿಸಿ 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸಂಗತಿಯನ್ನು ಸವಿಸ್ತಾರವಾಗಿ ವಿವರಿಸಿದ್ದಾರೆ. ಎಳೆಯ ಕೂಸಿನ ಮುಂದಿರುವ ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಅದು ಹುಡುಕುವುದೇ ಇಲ್ಲ. ಕಾಣದ್ದು ಇಲ್ಲವೆಂಬಂತೆ ಬೇರೆ ಕಡೆ ನೋಡುತ್ತದೆ. ಎಂಟು ಒಂಬತ್ತು ತಿಂಗಳಾಗುವ ವೇಳೆಗೆ ಅದೇ ಕೂಸು ಬಟ್ಟೆಯನ್ನು ಸರಿಸಿ ನೋಡತೊಡಗುತ್ತದೆ. ಬಟ್ಟೆ ಸರಿಸುವ ಆ ಪುಟ್ಟ ಕೈಯಲ್ಲಿ ಒಂದು ಮಹತ್ತಾದ ನಂಬಿಕೆಯಿದೆ. ನನ್ನ ಕಣ್ಣಿಗೆ ಕಾಣದಿದ್ದರೂ ಅದು ಇದೆ ಎಂಬ ನಂಬಿಕೆ. ಹುಡುಕುವುದೆಂದರೆ ಕಾಣದವರ ಇರವನ್ನು ಒಪ್ಪಿಕೊಳ್ಳುವುದು. ಹುಡುಕುವುದನ್ನು ಬಿಡುವುದೆಂದರೆ ಆ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು.

ಈ ಬಯಕೆ ಮನುಷ್ಯನಿಗೆ ಮಾತ್ರ ಮೀಸಲೆನ್ನುವಂತಿಲ್ಲ. 2019ರಲ್ಲಿ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಿಗೆ ಕಣ್ಣಾಮುಚ್ಚಾಲೆ ಕಲಿಸಿದ ವರದಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತು. ಮೂವತ್ತು ಚದರ ಮೀಟರಿನ ಕೋಣೆ; ಇಲಿಗಳಿಗೆ ತಿಂಡಿಯ ಬಹುಮಾನವಿಲ್ಲ; ಸಿಕ್ಕಾಗ ಅಥವಾ ಹುಡುಕಿದಾಗ ಕಚಗುಳಿಯಿಟ್ಟು ಆಡಿಸುವುದಷ್ಟೇ. ಅವು ಸರದಿಯಂತೆ ಅಡಗುವುದನ್ನೂ ಹುಡುಕುವುದನ್ನೂ ಕಲಿತವು. ಅಡಗುವಾಗ ಪಾರದರ್ಶಕ ಪೆಟ್ಟಿಗೆಗಿಂತ ಒಳಗೇನಿದೆಯೆಂದು ಕಾಣದ ಪೆಟ್ಟಿಗೆಯನ್ನೇ ಹೆಚ್ಚಾಗಿ ಆರಿಸಿಕೊಂಡವು. ಬೇರೆ ವೇಳೆಯಲ್ಲಿ ನಮ್ಮ ಕಿವಿಗೆ ನಿಲುಕದ ಸಣ್ಣ ದನಿಯಲ್ಲಿ ಕೂಗಿಕೊಳ್ಳುವ ಇಲಿಗಳು ಅಡಗಿರುವಾಗ ಸುಮ್ಮನಿರುತ್ತಿದ್ದವು. ಕೆಲವು ಸಿಕ್ಕಿಬಿದ್ದ ಮೇಲೆಯೂ ಮತ್ತೆ ಓಡಿಹೋಗಿ ಅಡಗಿ, ಆಟವನ್ನು ಬೆಳೆಸುತ್ತಿದ್ದವು. ಬಾಯಿಗೆ ತಾನೇ ಬೀಗ ಹಾಕಿಕೊಂಡ ಇಲಿಯಲ್ಲಿ, ಪರದೆಯ ಮೊಲದಲ್ಲಿ ಇಲ್ಲದ ಏನೋ ಒಂದು ಇದೆ. ಅದಕ್ಕೆ ಕಾಯುವುದು ಗೊತ್ತು.

ಇಲ್ಲಿಯವರೆಗೆ ಇತರರ ವಿಷಯವಾಯಿತು. ನನ್ನ ವಿಷಯವನ್ನು ಹೇಳದೆ ಮುಂದುವರಿದರೆ ಲೇಖನ ಪ್ರಾಮಾಣಿಕವಾಗುವುದಿಲ್ಲ.

ನನಗೆ ಹತ್ತು ವರ್ಷ. ಸೋದರತ್ತೆಯ ಮಗನೊಬ್ಬ ರಜಕ್ಕೆಂದು ನಮ್ಮ ಹಳ್ಳಿಯ ಮನೆಗೆ ಬಂದಿದ್ದ. ನನಗಿಂತ ಎರಡು ವರ್ಷ ಚಿಕ್ಕವನು. ಮಾತು ಕಡಮೆ, ಮಾತನಾಡಿದರೆ ತೊದಲು. ಅವನನ್ನು ಆಟಕ್ಕೆ ಸೇರಿಸಿಕೊಳ್ಳಿರೆಂದು ಹಿರಿಯರು ಹೇಳಿದ್ದರಿಂದ ಸೇರಿಸಿಕೊಂಡಿದ್ದೆವು. ಒಂದು ಸಂಜೆ ಹುಡುಕುವ ಸರದಿ ನನ್ನದಾಗಿತ್ತು. ನಾಲ್ವರಲ್ಲಿ ಮೂವರನ್ನು ಹಿಡಿದೆ. ಅಷ್ಟರಲ್ಲಿ ಊರ ಮುಂದೆ ಬಯಲಾಟದವರು ಬಂದಿಳಿದರೆಂದು ಸುದ್ದಿ ಬಂದಿತು. ಚೆಂಡೆಯ ಸದ್ದೂ ಕೇಳಿಸಿತು. ಎಲ್ಲರೂ ಓಡಿದೆವು. ಓಡುವಾಗ ಅವನ ನೆನಪಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ತಾನೇ ಹೊರಗೆ ಬರುತ್ತಾನೆ, ಬಿಡು ಎಂದುಕೊಂಡೆ.

ಅವನು ಬರಲಿಲ್ಲ. ದೀಪ ಹಚ್ಚಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನಿಲ್ಲವೆಂದು ಅತ್ತೆ ಗಾಬರಿಯಾದರು. ಕೊನೆಗೆ ಕೊಟ್ಟಿಗೆಯ ಅಟ್ಟದ ಮೇಲೆ, ಒಣಹುಲ್ಲಿನ ಹಿಂದೆ, ಮಂಡಿಗಳನ್ನು ಎದೆಗೆ ಅವುಚಿಕೊಂಡು ಕುಳಿತಿದ್ದವನನ್ನು ಕೆಳಗಿಳಿಸಿದರು. ಬೈಗುಳ ಬಿದ್ದದ್ದು ಅವನಿಗೆ. ಕರೆದರೂ ಓಗೊಡಲಿಲ್ಲವೇಕೆ ಎಂದು ಕೇಳಿದರೆ ಅವನು ನನ್ನ ಮುಖ ನೋಡಿ, ತೊದಲುತ್ತ, “ಇವನು ಇನ್ನೂ ಹುಡುಕ್ತಾ ಇದಾನೆ ಅಂದ್ಕೊಂಡಿದ್ದೆ,” ಎಂದನು.

ಅವನಿಗೆ ನನ್ನ ಮೇಲೆ ಸಿಟ್ಟು ಬಂದಂತೆ ಕಾಣಲಿಲ್ಲ. ಮರುದಿನವೂ ಆಟಕ್ಕೆ ಬಂದ. ಆದರೆ ಅಂದಿನಿಂದ ಅವನು ಚೆನ್ನಾಗಿ ಅಡಗಿದ್ದನ್ನು ನಾನು ಕಾಣೆ. ಬಾಗಿಲ ಹಿಂದೆ, ಕಂಬದ ಮರೆಯಲ್ಲಿ, ಅರ್ಧ ಮೈ ಹೊರಗೆ ಕಾಣುವಂತೆ ನಿಲ್ಲುತ್ತಿದ್ದ. ನಾವು ಅವನನ್ನು ದಡ್ಡನೆಂದು ನಗುತ್ತಿದ್ದೆವು. ಅವನು ಕಲಿತ ಪಾಠವೇನು, ಕಲಿಸಿದವನು ಯಾರು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಹಾಗಾದರೆ, ಯಾವಾಗ ಬೇಕಾದರೂ ಬಿಟ್ಟುಹೋಗಬಹುದಾದ ಈ ಯಂತ್ರದ ಮೊಲಗಳು ಮಕ್ಕಳಿಗೆ ನಾನು ಮಾಡಿದ ತಪ್ಪನ್ನೇ ಅಭ್ಯಾಸ ಮಾಡಿಸುತ್ತವೆಯೇ? ಅಡಗಿದವರಿಗೆ ನೋವಿಲ್ಲದ ಆಟವನ್ನು ಆಡಿ ಆಡಿ, ನೋವಿರುವವರನ್ನೂ ಅವರು ಹಾಗೆಯೇ ಬಿಟ್ಟುಬಿಡಲಾರರೇ? ಈ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ಪರದೆಯ ಮೊಲಕ್ಕೆ ಬೇಸರವಿಲ್ಲ, ಮುನಿಸಿಲ್ಲ. ಒಂದು ವರ್ಷ ಬಿಟ್ಟು ಬಂದರೂ ಅದು ಅದೇ ಲವಲವಿಕೆಯಿಂದ ಓಡುತ್ತದೆ. ಮನುಷ್ಯರು ಹಾಗೆಯೇ ಎಂದು ತಿಳಿದ ಮಗು ಮುಂದೆ ಕಷ್ಟಪಡುತ್ತದೆ, ಇತರರನ್ನೂ ಕಷ್ಟಪಡಿಸುತ್ತದೆ.

ಆದರೆ ಎರಡು ಮಾತುಗಳನ್ನು ಮರೆಯಬಾರದು. ನನ್ನ ಬಾಲ್ಯದಲ್ಲಿ ಈ ಯಂತ್ರಗಳಿರಲಿಲ್ಲ. ಕೊಟ್ಟಿಗೆ, ಒಣಹುಲ್ಲು, ಜೀವಂತ ಮಕ್ಕಳು ಎಲ್ಲವೂ ಇದ್ದವು. ಆದರೂ ನಾನು ಬಿಟ್ಟು ಓಡಿದೆ. ಎರಡನೆಯದಾಗಿ, ಮರದ ಬೊಂಬೆಗೆ ಹಸಿವಿಲ್ಲ. ಆದರೂ ಬೊಂಬೆಗೆ ತುತ್ತಿಡುವ ಮಗುವನ್ನು ಯಾರೂ ಮೂಢನೆನ್ನುವುದಿಲ್ಲ. ತುತ್ತು ಬೊಂಬೆಗೆ ಮುಟ್ಟದಿದ್ದರೂ ಕೊಡುವ ಕೈಗೆ ಅಭ್ಯಾಸವಾಗುತ್ತದೆ. ‘ಅದು ಕಾಯುತ್ತಿರುತ್ತದೆಯೇ?’ ಎಂದು ಕೇಳಿದ ಹುಡುಗನು ಚಿತ್ರವನ್ನು ಜೀವಿಯೆಂದು ಭ್ರಮಿಸಿದವನಲ್ಲ. ಹುಡುಕುವವನಿಗೆ ಒಂದು ಋಣವಿದೆಯೆಂದು ಕಂಡುಕೊಂಡವನು. ವಸ್ತುವನ್ನು ಅವನು ತಪ್ಪಾಗಿ ಗುರುತಿಸಿರಬಹುದು, ಧರ್ಮವನ್ನು ಸರಿಯಾಗಿಯೇ ಗುರುತಿಸಿದನು. ಎಪ್ಪತ್ತು ವರ್ಷದವನು ಅವನಿಗೆ ‘ಬರಿಯ ಚಿತ್ರ’ ಎಂದು ಉತ್ತರ ಕೊಟ್ಟದ್ದು ಬಯಲಾಟದ ಚೆಂಡೆಗೆ ಓಡಿಹೋದ ಹುಡುಗನ ಉತ್ತರಕ್ಕೆ ಬಹಳ ಹತ್ತಿರವಾಗಿತ್ತು.

ಇನ್ನೊಂದು ಪ್ರಶ್ನೆ ಉಳಿಯಿತು. ಹುಡುಕಿದರೂ ಸಿಗಲಾರದವರ ವಿಷಯದಲ್ಲಿ ಹುಡುಕುವವನು ಏನು ಮಾಡಬೇಕು? ನನ್ನ ಆ ಬಂಧು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಟ್ಟದ ಮಾತನ್ನು ನಾನು ಅವನ ಮುಂದೆ ಎಂದೂ ಎತ್ತಲಿಲ್ಲ. ನಾಳೆ ಎತ್ತೋಣ, ಮುಂದಿನ ಸಲ ಎತ್ತೋಣ ಎಂದು ಕಾಲ ಕಳೆದು ಹೋಯಿತು.

ವಿಚಿತ್ರವೆಂದರೆ, ಈ ಪ್ರಶ್ನೆಗೆ ಸಮೀಪವಾದ ಮಾತು ಅದೇ ಆಟದಲ್ಲಿಯೇ ಇದೆ. ಅದರಲ್ಲೊಂದು ಪುಸ್ತಕಶಾಲೆಯಿದೆ. ಅಲ್ಲಿ ರೋಸಲೀನಾ ನಕ್ಷತ್ರಶಿಶುಗಳಿಗೆ ಒಂದು ಚಿತ್ರಕಥೆಯನ್ನು ಓದಿ ಹೇಳುತ್ತಾಳೆ. ಕೊಯಿಜುಮಿ ಅವರೇ ಬರೆದ ಕಥೆ ಅದು. ಅದನ್ನು ಓದದೆಯೇ ಆಟವನ್ನು ಮುಗಿಸಬಹುದು. ಬೇಕಾದವರು ಹುಡುಕಿಕೊಂಡು ಹೋಗಬೇಕು. ಒಬ್ಬ ಪುಟ್ಟ ಹುಡುಗಿ ತುಕ್ಕು ಹಿಡಿದ ನೌಕೆಯಲ್ಲಿ ತಾಯಿಗಾಗಿ ಕಾಯುತ್ತಿರುವ ಒಂದು ನಕ್ಷತ್ರಶಿಶುವನ್ನು ಕಾಣುತ್ತಾಳೆ. ಅದರ ತಾಯಿಯನ್ನು ಹುಡುಕಿಕೊಡುತ್ತೇನೆಂದು ಮಾತು ಕೊಟ್ಟು ಅದರೊಡನೆ ಆಕಾಶಕ್ಕೆ ಹೊರಡುತ್ತಾಳೆ. ದಿನಗಳು ಕಳೆದಂತೆ ಅವಳಿಗೆ ತನ್ನ ತಾಯಿಯ ಹಂಬಲ ಹತ್ತುತ್ತದೆ. ಆ ತಾಯಿ ಊರಿನ ಗುಡ್ಡದ ಮರದಡಿಯಲ್ಲಿ ಚಿರನಿದ್ರೆಯಲ್ಲಿರುವಳೆಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಒಂದು ದಿನ ಆ ತಿಳಿವು ಅಳುವಾಗಿ ಹೊರಬರುತ್ತದೆ. ಎಷ್ಟು ಹುಡುಕಿದರೂ ಆ ಮರೆಯಿಂದ ಅವಳು ಎದ್ದು ಬರಲಾರಳು. ಆದರೆ ಕಥೆಯ ಕೊನೆಯಲ್ಲಿ ಹುಡುಕುತ್ತಿದ್ದ ಹುಡುಗಿಯೇ ಅನೇಕ ನಕ್ಷತ್ರಶಿಶುಗಳಿಗೆ ಮನೆ ಕಟ್ಟಿ, ಅವುಗಳ ತಾಯಿಯಾಗಿರುತ್ತಾಳೆ.

ಭಾಗವತದ ದಶಮಸ್ಕಂಧವನ್ನು ಬಲ್ಲವರಿಗೆ ಇದು ಪೂರ್ತಿ ಅಪರಿಚಿತವಲ್ಲ. ಕೃಷ್ಣನು ಕಣ್ಮರೆಯಾದಾಗ ಅವನನ್ನು ಅರಸುತ್ತ ಅಲೆದ ಗೋಪಿಯರು, ಅರಸಿ ಅರಸಿ, ಅವನ ನಡೆಯನ್ನೂ ಲೀಲೆಗಳನ್ನೂ ತಾವೇ ನಡೆಸತೊಡಗಿದರು. ಸಿಗದವರನ್ನು ಹುಡುಕುವ ಹುಡುಕಾಟ ವ್ಯರ್ಥವಾಗದೆ ಇರುವುದಕ್ಕೆ ಇದೊಂದೇ ದಾರಿಯಿರಬೇಕು. ನಾವು ಅವರಿಂದ ಬಯಸಿದ್ದನ್ನು, ಅಥವಾ ಅವರಿಗೆ ಕೊಡದೆ ಉಳಿಸಿಕೊಂಡದ್ದನ್ನು, ಇನ್ನೂ ಕಾಯುತ್ತಿರುವ ಬೇರೊಬ್ಬರಿಗೆ ಸಲ್ಲಿಸುವುದು. ಋಣ ತೀರಿತೆಂದು ಇದರಿಂದ ಹೇಳಲಾಗದು. ಸಾಲ ಕೊಟ್ಟವನೊಬ್ಬ, ಸಲ್ಲಿಸಿಕೊಂಡವನೊಬ್ಬ. ಲೆಕ್ಕ ಎಂದಿಗೂ ಸರಿಹೋಗುವುದಿಲ್ಲ. ಆದರೂ ಸಲ್ಲಿಸುವುದು ಸಲ್ಲಿಸದಿರುವುದಕ್ಕಿಂತ ಮೇಲು.

ಮರುದಿನ ಬೆಳಗ್ಗೆ ಮೊಮ್ಮಗನನ್ನು ಕರೆದು, “ನಿನ್ನೆ ನಾನು ಹೇಳಿದ್ದು ಪೂರ್ತಿಯಾಗಲಿಲ್ಲ. ಆ ಮೊಲ ಕಾಯುವುದಿಲ್ಲ, ನಿಜ. ಆದರೆ ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಮನುಷ್ಯರ ವಿಷಯದಲ್ಲಿ ಅದನ್ನು ಯಾವಾಗಲೂ ಕೇಳುತ್ತಿರು,” ಎಂದೆನು. ಅವನು ತುಸು ಹೊತ್ತು ಯೋಚಿಸಿ, “ಕಾಯದೇ ಇದ್ದರೂ ಅದನ್ನು ಹಿಡಿದೇ ಮುಗಿಸ್ತೀನಿ,” ಎಂದು ಯಂತ್ರದ ಮುಂದೆ ಕುಳಿತನು. ಮೂರನೆಯ ಮೊಲ ಸಿಕ್ಕಿದಾಗ ಅವನು ಕೂಗಿದ ಕೂಗು ಬೀದಿಗೆ ಕೇಳಿಸಿತು.

ನಮ್ಮ ಸಂಘದ ಸಭೆಗಳಿಗೆ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು ಎರಡು ವರ್ಷಗಳಿಂದ ಕಾಣಿಸಿಕೊಂಡಿಲ್ಲ. ಪತ್ನೀವಿಯೋಗವಾದ ಮೇಲೆ ಅವರು ಹೊರಗೆ ಬರುವುದನ್ನು ನಿಲ್ಲಿಸಿದ್ದಾರೆಂದು ಕೇಳಿದ್ದೇನೆ. ಬೇಕಾದರೆ ತಾವೇ ಬರುತ್ತಾರೆ ಎಂದು ನಾವೆಲ್ಲರೂ ಸುಮ್ಮನಿದ್ದೇವೆ. ಹಿಂದೊಮ್ಮೆ ಇದೇ ಮಾತನ್ನು ನಾನು ಎಲ್ಲಿ ಅಂದುಕೊಂಡಿದ್ದೆನೆಂಬುದು ವಾಚಕರಿಗೆ ಈಗ ತಿಳಿದಿದೆ. ಅವರ ಮನೆ ಕೆರೆಯ ಆಚೆ ದಡದಲ್ಲಿದೆ. ನಡೆದು ಹೋದರೆ ಅರ್ಧ ಗಂಟೆಯ ದಾರಿ. ಈ ಭಾನುವಾರ ಹೊರಟಿದ್ದೇನೆ.